ತಿದ್ದುಪಡಿ ಅದೇ ಪುಟದಲ್ಲಿ ಬರಲಿ

"ನಿನ್ನೆ ಪೇಪರ್ ಇವತ್ತು ಯಾರು ಓದ್ತಾರೆ ಹೇಳಿ ಮೇಡಂ?"

ಮಂಗಳವಾರ ಕೇಳಿದ ಈ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಹೇಳಿದವರು ಕೆಟ್ಟ ಮನುಷ್ಯರಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿ ದಣಿದ ಹಿರಿಯರು. ತಿದ್ದುಪಡಿ ಕೇಳಲು ಹೋಗಿದ್ದ ನಮಗೆ ಕುರ್ಚಿ ಹಾಕಿಸಿದರು, ನೀರು ತರಿಸಿದರು, ಕೊಟ್ಟ ಲ್ಯಾಬ್ ರಿಪೋರ್ಟನ್ನು ಎರಡು ಸಲ ಓದಿದರು. ಆಮೇಲೆ ಅದನ್ನು ಮಡಚಿ ವಾಪಸ್ ಕೊಡುತ್ತಾ, ಸಮಾಧಾನ ಮಾಡುವ ದನಿಯಲ್ಲೇ ಹಾಗಂದರು. ನನ್ನ ಗೆಳತಿ ಏನೂ ಮಾತಾಡದೆ ರಿಪೋರ್ಟನ್ನು ಬ್ಯಾಗಿಗೆ ಹಾಕಿಕೊಂಡಳು.

ಅವಳ ಅಪ್ಪ ರಾತ್ರಿ ಬೈಕಿನಲ್ಲಿ ಮನೆಗೆ ಬರುವಾಗ ಪೈಪ್ ಹಾಕಲು ಅಗೆದಿದ್ದ ಗುಂಡಿಗೆ ಬಿದ್ದು ತೀರಿಕೊಂಡರು. ಗುಂಡಿಯ ಸುತ್ತ ಬ್ಯಾರಿಕೇಡ್ ಇರಲಿಲ್ಲ, ಒಂದು ಕೆಂಪು ದೀಪವೂ ಇರಲಿಲ್ಲ. ಅದಾದ ಮೇಲೆ ಪೇಪರಿನಲ್ಲಿ, ಮೂರನೇ ಪುಟದ ತಲೆಯಲ್ಲೇ, ಅವರ ಫೋಟೊ, ಹೆಸರು, ದಪ್ಪಕ್ಷರದಲ್ಲಿ 'ಕುಡಿದ ಮತ್ತಿನಲ್ಲಿ ಗುಂಡಿಗೆ ಬಿದ್ದು ಸವಾರ ಸಾವು'. ಒಳಗೆ 'ಅಧಿಕಾರಿಗಳು ತಿಳಿಸಿದ್ದಾರೆ' ಅಂತ ಒಂದು ಸಾಲು. ಯಾವ ಅಧಿಕಾರಿ? ಯಾವ ಆಧಾರದ ಮೇಲೆ? ಗುಂಡಿ ಅಗೆದು ಹಾಗೇ ಬಿಟ್ಟು ಹೋದವರು ಯಾರು? ಯಾವುದೂ ಇಲ್ಲ. ರಕ್ತದಲ್ಲಿ ಮದ್ಯದ ಅಂಶವೇ ಇರಲಿಲ್ಲ ಎಂಬ ವರದಿ ಕೈಗೆ ಬಂದಿದ್ದು ಈ ವಾರ.

ನಿನ್ನೆ ಪೇಪರ್ ಯಾರು ಓದ್ತಾರೆ? ಗೆಳತಿಯ ಅಮ್ಮ ಓದುತ್ತಾರೆ. ದಿನಾ ಓದುತ್ತಾರೆ. ವಿಮಾ ಕಂಪನಿಯವರು ಓದಿದ್ದಾರೆ, ಆ ಕಟಿಂಗನ್ನು ಫೈಲಿಗೇ ಸೇರಿಸಿಕೊಂಡಿದ್ದಾರೆ. ಗೆಳತಿಯ ಅಪ್ಪನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಇವತ್ತಿಗೂ ಮೊದಲು ಬರುವುದು ಅದೇ ಸುದ್ದಿ. ಜೀವನಪೂರ್ತಿ ಕುಡಿತದ ಹತ್ತಿರಕ್ಕೂ ಹೋಗದ ಮನುಷ್ಯ. ಕುಡಿಯುವವರೇ ಆಗಿದ್ದರೂ, ಆ ಗುಂಡಿಗೆ ಬ್ಯಾರಿಕೇಡ್ ಹಾಕದಿದ್ದದ್ದು ಸರಿಯಾಗುತ್ತಿತ್ತಾ?

ಆಫೀಸಿನಿಂದ ಹೊರಗೆ ಬಂದಾಗ ನನಗೆ ಮೊದಲು ನೆನಪಾಗಿದ್ದು ಇಂಗ್ಲೆಂಡಿನ ಹಿಲ್ಸ್‌ಬರೋ. 1989ರ ಏಪ್ರಿಲ್ 15. ಶೆಫೀಲ್ಡ್ ನಗರದ ಆ ಫುಟ್‌ಬಾಲ್ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ಸತ್ತರು. ಗಾಯಗೊಂಡು ಆಮೇಲೆ ತೀರಿಕೊಂಡವರನ್ನೂ ಸೇರಿಸಿ ಒಟ್ಟು 97 ಮಂದಿ. ಹೊರಗೆ ಜನ ಜಾಸ್ತಿಯಾದಾಗ ಗೇಟು ತೆರೆಯಲು ಹೇಳಿದ್ದು ಪೊಲೀಸ್ ಕಮಾಂಡರ್. ಅದೇ ಅಧಿಕಾರಿ, ಜನ ಸಾಯುತ್ತಿದ್ದ ಹೊತ್ತಿನಲ್ಲೇ, ಅಭಿಮಾನಿಗಳೇ ಗೇಟು ಒಡೆದು ನುಗ್ಗಿದರು ಅಂತ ಹೇಳಿದರು. ನಾಲ್ಕು ದಿನಕ್ಕೆ 'ದಿ ಸನ್' ಪತ್ರಿಕೆ ಮುಖಪುಟದಲ್ಲಿ 'ಸತ್ಯ' ಎಂಬ ದೊಡ್ಡ ತಲೆಬರಹ ಹಾಕಿ, ಅಭಿಮಾನಿಗಳು ಸತ್ತವರ ಜೇಬಿಗೆ ಕೈ ಹಾಕಿದರು ಅಂತ ಬರೆಯಿತು. ಸಾವಿನ ವಿಚಾರಣೆ ನಡೆಸುವ ಅಧಿಕಾರಿ ಸತ್ತ ಮಕ್ಕಳನ್ನೂ ಬಿಡದೆ ರಕ್ತದಲ್ಲಿ ಮದ್ಯ ಇದೆಯಾ ಅಂತ ಪರೀಕ್ಷೆ ಮಾಡಿಸಿದರು. ತಪ್ಪು ಸತ್ತವರದೇ ಅಂತ ತೋರಿಸುವ ಅವಸರ ನೋಡಿ.

ಆ ವರ್ಷ ಆಗಸ್ಟಿನಲ್ಲೇ ಬಂದ ತನಿಖಾ ವರದಿ, ಮುಖ್ಯ ಕಾರಣ ಪೊಲೀಸರು ನಿಯಂತ್ರಣ ಕಳೆದುಕೊಂಡದ್ದು ಎಂದಿತ್ತು. ಆದರೂ ಆ ಮೊದಲ ಸುಳ್ಳು ಸಾಯಲಿಲ್ಲ. 2012ರಲ್ಲಿ ಸ್ವತಂತ್ರ ಸಮಿತಿ ಹಳೆಯ ದಾಖಲೆಗಳನ್ನೆಲ್ಲ ತೆಗೆದು ನೋಡಿದಾಗ, ಪೊಲೀಸರು ಕೊಟ್ಟಿದ್ದ 164 ಹೇಳಿಕೆಗಳನ್ನು ದೊಡ್ಡದಾಗಿ ತಿದ್ದಿದ್ದು ಗೊತ್ತಾಯಿತು. ಅವುಗಳಲ್ಲಿ 116ರಲ್ಲಿ ಪೊಲೀಸರಿಗೆ ಕೆಟ್ಟ ಹೆಸರು ತರುವ ಮಾತುಗಳನ್ನು ತೆಗೆದುಹಾಕಿದ್ದರು. ಆಗ 'ದಿ ಸನ್' ಮುಖಪುಟದಲ್ಲೇ ಕ್ಷಮೆ ಕೇಳಿತು. ಸುಳ್ಳು ಬಂದ ಪುಟಕ್ಕೆ ಕ್ಷಮೆ ಬರಲು 23 ವರ್ಷ ಬೇಕಾಯಿತು. ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟವರು ಅಂತ ಜ್ಯೂರಿ ಹೇಳಿದ್ದು 2016ರಲ್ಲಿ. ಅಷ್ಟರೊಳಗೆ ಎಷ್ಟೋ ತಂದೆ ತಾಯಂದಿರು ತೀರಿಹೋಗಿದ್ದರು. ನಿನ್ನೆ ಪೇಪರ್ ಯಾರು ಓದ್ತಾರೆ ಅಂತ ಆ ಮನೆಗಳಲ್ಲಿ ನಿಂತು ಕೇಳಲು ಆಗುತ್ತಾ?

ಡೆಸ್ಕಿನ ಹಿರಿಯರು ಇನ್ನೊಂದು ಮಾತೂ ಹೇಳಿದ್ದರು. ರಾತ್ರಿ ಪುಟ ಬಿಡಬೇಕು, ಅಧಿಕಾರಿಯೇ ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳಲು ಟೈಮ್ ಎಲ್ಲಿರುತ್ತೆ, ಅಂತ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ 'ರಕ್ತ ಪರೀಕ್ಷೆಯ ವರದಿ ಇನ್ನೂ ಬಂದಿಲ್ಲ' ಅಂತ ಬರೆಯಲು ಎಷ್ಟು ಹೊತ್ತು ಬೇಕು? ಒಂದೇ ಸಾಲು. ಆ ಸಾಲು ಇದ್ದಿದ್ದರೆ ಗೆಳತಿಯ ಅಮ್ಮನಿಗೆ ತಲೆ ಎತ್ತಿಕೊಂಡು ಓಡಾಡುವಷ್ಟಾದರೂ ಜಾಗ ಉಳಿಯುತ್ತಿತ್ತು.

ನನಗೆ ಹೆಚ್ಚು ಸಿಟ್ಟು ಇರುವುದು ಆ ಅಧಿಕಾರಿಯ ಮೇಲೆ. ಪರೀಕ್ಷೆಗೂ ಮೊದಲೇ ಅವರಿಗೆ ಹೇಗೆ ಗೊತ್ತಾಯಿತು? ಗುಂಡಿಗೆ ಹೊಣೆಯಾದ ಇಲಾಖೆಯೇ ಸಾವಿಗೆ ಕಾರಣವನ್ನೂ ಹೇಳುತ್ತದೆ. ಪತ್ರಿಕೆ ಅದನ್ನು ಅಚ್ಚು ಮಾಡುತ್ತದೆ. ಮಾರನೇ ದಿನ ಇಲಾಖೆಯವರು 'ಪೇಪರಿನಲ್ಲೇ ಬಂದಿದೆಯಲ್ಲ' ಅನ್ನುತ್ತಾರೆ. ವಿಚಾರಿಸಲು ಹೋದ ಗೆಳತಿಯ ಅಣ್ಣನಿಗೆ ಅವರು ಕೊಟ್ಟ ಉತ್ತರ ಇದೇ. ತಾವೇ ಆಡಿದ ಮಾತನ್ನು ಪತ್ರಿಕೆಯ ಕೈಲಿ ಹೇಳಿಸಿ, ಅದನ್ನೇ ಸಾಕ್ಷಿಯಾಗಿ ತೋರಿಸುವುದು.

ದೊಡ್ಡ ದೊಡ್ಡವರೂ ಮಾಡುವುದು ಇದನ್ನೇ. 2002ರ ಸೆಪ್ಟೆಂಬರ್ 8ರಂದು 'ನ್ಯೂಯಾರ್ಕ್ ಟೈಮ್ಸ್' ಮುಖಪುಟದಲ್ಲಿ ಒಂದು ವರದಿ ಬಂತು. ಇರಾಕ್ ಅಣುಬಾಂಬಿಗಾಗಿ ಅಲ್ಯೂಮಿನಿಯಂ ಕೊಳವೆ ಕೊಳ್ಳಲು ಹೊರಟಿದೆ ಅಂತ. ಹೇಳಿದವರು ಹೆಸರು ಕೊಡದ ಸರ್ಕಾರಿ ಅಧಿಕಾರಿಗಳು. ಅದೇ ದಿನ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿ ಟಿವಿಯಲ್ಲಿ ಕೂತು, ಈ ಬೆಳಗಿನ ಪತ್ರಿಕೆಯಲ್ಲೇ ಬಂದಿದೆ ಎಂದರು. 2003ರ ಮಾರ್ಚಿನಲ್ಲಿ ಯುದ್ಧ ಶುರುವಾಯಿತು. ಹುಡುಕಿ ಹುಡುಕಿದರೂ ಸಾಮೂಹಿಕ ನಾಶದ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. ನಮ್ಮ ವರದಿಗಾರಿಕೆ ಇನ್ನಷ್ಟು ಬಿಗಿಯಾಗಿರಬೇಕಿತ್ತು ಅಂತ ಪತ್ರಿಕೆ ಒಪ್ಪಿಕೊಂಡದ್ದು 2004ರ ಮೇ 26ರಂದು, ಒಳಗಿನ ಹತ್ತನೇ ಪುಟದಲ್ಲಿ. ಒಪ್ಪಿಕೊಂಡರಲ್ಲ, ಅದು ಬಹಳ ಪತ್ರಿಕೆಗಳು ಮಾಡದ ಕೆಲಸ, ಅದಕ್ಕೆ ಗೌರವವಿದೆ. ಆದರೆ ಯುದ್ಧಕ್ಕೆ ದಾರಿ ಮಾಡಿದ ಸುದ್ದಿ ಮುಖಪುಟದಲ್ಲಿ, ಒಪ್ಪಿಗೆ ಹತ್ತನೇ ಪುಟದಲ್ಲಿ. ಯಾಕೆ?

ನಮ್ಮಲ್ಲಿ ಪತ್ರಿಕಾ ಮಂಡಳಿ ಇದೆ. 1978ರ ಕಾಯ್ದೆಯ ಪ್ರಕಾರ ಅದು ಪತ್ರಿಕೆಗೆ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ದಂಡ ಹಾಕುವಂತಿಲ್ಲ. ಟಿವಿ ಚಾನೆಲ್‌ಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ದಂಡ ಹಾಕುವ ಅಧಿಕಾರವನ್ನು ಸರ್ಕಾರದ ಕೈಗೆ ಕೊಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಬಿಲ್‌ಕುಲ್ ಬೇಡ. ಸುಳ್ಳು ಯಾವುದು, ನಿಜ ಯಾವುದು ಅಂತ ಆ ಅಧಿಕಾರಿಯಂಥವರೇ ತೀರ್ಮಾನಿಸಿದರೆ, ಮೊದಲು ಮುಚ್ಚಿಹೋಗುವುದು ಗುಂಡಿಯ ಫೋಟೊ ಹಾಕುವ ಪತ್ರಿಕೆ. ಬ್ರಿಟನ್ನಿನ 'ಗಾರ್ಡಿಯನ್' 1997ರಲ್ಲಿ ಓದುಗರ ಸಂಪಾದಕ ಎಂಬ ಹುದ್ದೆ ಮಾಡಿ, ದಿನಾ ಒಂದೇ ಜಾಗದಲ್ಲಿ ತನ್ನ ತಪ್ಪುಗಳನ್ನು ತಿದ್ದಲು ಶುರುಮಾಡಿತು. 'ದಿ ಹಿಂದೂ' 2006ರಲ್ಲಿ ಅದೇ ದಾರಿ ಹಿಡಿಯಿತು. ಆಗದ ಕೆಲಸ ಅಂತೂ ಅಲ್ಲ, ಅಲ್ವಾ?

ಇನ್ನು ಅಧಿಕಾರಿಗಳ ಮಾತು. ಹಿಲ್ಸ್‌ಬರೋ ಕುಟುಂಬಗಳು ಪಟ್ಟು ಹಿಡಿದಿದ್ದರಿಂದ, ಸರ್ಕಾರಿ ಹುದ್ದೆಯಲ್ಲಿರುವವರು ತನಿಖೆಯಲ್ಲಿ ಮುಚ್ಚುಮರೆ ಇಲ್ಲದೆ ನಿಜ ಹೇಳಲೇಬೇಕು ಎನ್ನುವ ಮಸೂದೆ 2025ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಸಂಸತ್ತಿಗೆ ಬಂತು. ಮಕ್ಕಳನ್ನು ಕಳೆದುಕೊಂಡ ಮಾಮೂಲಿ ಜನ ತಮ್ಮ ಅರ್ಧ ಆಯಸ್ಸು ಕೊಟ್ಟು ತಂದದ್ದು ಇದು.

ನಾವು ಬುಧವಾರ ರಾತ್ರಿ ಕೂತು ಎರಡು ಕಾಗದ ಬರೆದೆವು. ಒಂದು ಸಂಪಾದಕರಿಗೆ. ಮೂರನೇ ಪುಟ, ಅದೇ ತಲೆ, ಅದೇ ಅಳತೆಯ ಅಕ್ಷರ, ಗೆಳತಿಯ ಅಪ್ಪನ ಹೆಸರು, ಮತ್ತು ಆನ್‌ಲೈನ್ ಸುದ್ದಿಯ ಮೇಲ್ಭಾಗದಲ್ಲೇ ತಿದ್ದುಪಡಿ. ಇನ್ನೊಂದು ಮಾಹಿತಿ ಹಕ್ಕಿನ ಅರ್ಜಿ, ಇಲಾಖೆಗೆ. ಆ ದಿನ ಪತ್ರಕರ್ತರಿಗೆ ಕೊಟ್ಟ ಹೇಳಿಕೆಯ ಪ್ರತಿ, ಆಗ ಕೈಯಲ್ಲಿದ್ದ ದಾಖಲೆ, ಗುಂಡಿಯ ಕೆಲಸದ ಆದೇಶ, ಬ್ಯಾರಿಕೇಡ್‌ಗೆ ಆದ ಖರ್ಚಿನ ಬಿಲ್ಲು. 2005ರ ಕಾಯ್ದೆಯಂತೆ ಅವರು 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಹಾಕುತ್ತೇವೆ. ಅದರ ಕರಡನ್ನೂ ಗೆಳತಿ ಅವತ್ತೇ ಟೈಪ್ ಮಾಡಿಟ್ಟಿದ್ದಾಳೆ.