ಕ್ಲಿಪ್ ಬಿಗಿ ಮಾಡಿದ ಮೇಲೆ ದವಡೆ ಮೂಳೆಯೊಳಗೆ ನಡೆಯುವುದು

"ಡಾಕ್ಟ್ರೇ, ಇನ್ನೊಂಚೂರು ಬಿಗಿ ಮಾಡಿ, ಬೇಗ ಮುಗೀಲಿ." ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಹೀಗೆ ಕೇಳುವುದು ಸಹಜ. ಆದರೆ ಬಿಗಿ ಹೆಚ್ಚಾದರೆ ಹಲ್ಲು ಸಾಮಾನ್ಯವಾಗಿ ಬೇಗ ಸರಿಯುವುದಿಲ್ಲ, ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಯಾಕೆಂದು ತಿಳಿಯಬೇಕಾದರೆ ಬೇರಿನ ಪಕ್ಕಕ್ಕೇ ಹೋಗಿ ನೋಡಬೇಕು.

ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿ.ಮೀ. ಅಗಲದ ಸಂದು. ಅದರ ತುಂಬ ಕೊಲಾಜೆನ್ ನಾರುಗಳು, ರಕ್ತನಾಳಗಳು, ನರಗಳು, ಜೀವಕೋಶಗಳು, ದ್ರವ. ಇದೇ ಪೆರಿಯೊಡಾಂಟಲ್ ಲಿಗಮೆಂಟ್. ಅಗಿಯುವಾಗ ಬೀಳುವ ಭಾರ ದೊಡ್ಡದಾದರೂ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನದು, ಅದನ್ನು ಒಳಗಿನ ದ್ರವವೇ ತಡೆದುಕೊಳ್ಳುತ್ತದೆ. ತಂತಿಯ ತಳ್ಳು ಸಣ್ಣದು, ಆದರೆ ಬಿಡುವಿಲ್ಲದ್ದು. ದ್ರವ ಪಕ್ಕಕ್ಕೆ ಸರಿದು ಕೋಶಗಳೇ ಒತ್ತಡಕ್ಕೆ ಸಿಗುತ್ತವೆ.

ಒತ್ತಡ ಬಿದ್ದ ಕಡೆ ಕೆಲವೇ ಗಂಟೆಗಳಲ್ಲಿ ರಾಸಾಯನಿಕ ಮಾತುಕತೆ ಶುರುವಾಗುತ್ತದೆ. ಕಾಕ್ಸ್-2 ಕಿಣ್ವ ಪ್ರೊಸ್ಟಗ್ಲಾಂಡಿನ್ ಇ2 ತಯಾರಿಸುತ್ತದೆ, ಇಂಟರ್‌ಲ್ಯೂಕಿನ್-1 ಬೀಟಾ ಏರುತ್ತದೆ; ಎರಡೂ ಉರಿಯೂತದ ಸಂದೇಶವಾಹಕಗಳು. ಇವುಗಳ ಪ್ರಚೋದನೆಯಿಂದ ಲಿಗಮೆಂಟಿನಲ್ಲಿ ನಾರು ತಯಾರಿಸುವ ಫೈಬ್ರೊಬ್ಲಾಸ್ಟ್‌ಗಳೂ ಮೂಳೆಯ ಕೋಶಗಳೂ ರ‍್ಯಾಂಕ್-ಎಲ್ ಎಂಬ ಪ್ರೋಟೀನನ್ನು ಹೊರಡಿಸುತ್ತವೆ. ರಕ್ತದಿಂದ ಬಂದ ಮಾನೊಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ವಂಶದ ಕೋಶಗಳ ಮೇಲೆ ರ‍್ಯಾಂಕ್ ಎಂಬ ಗ್ರಾಹಕವಿದೆ. ಕೀಲಿ ಬೀಗಕ್ಕೆ ಕೂತಂತೆ ರ‍್ಯಾಂಕ್-ಎಲ್ ಅದಕ್ಕೆ ಕೂತಾಗ ಆ ಕೋಶಗಳು ಒಂದಕ್ಕೊಂದು ಬೆಸೆದು, ಹಲವು ಕೋಶಕೇಂದ್ರಗಳಿರುವ ಆಸ್ಟಿಯೋಕ್ಲಾಸ್ಟ್ ಆಗುತ್ತವೆ.

ಈ ಆಸ್ಟಿಯೋಕ್ಲಾಸ್ಟ್ ಕೆಲಸ ಮಾಡುವ ರೀತಿ ನಿಜಕ್ಕೂ ಅದ್ಭುತ. ಮೂಳೆಗೆ ಅಂಟಿ ಕೂತು, ಸುತ್ತ ಅಂಚನ್ನು ಮುಚ್ಚಿ, ಒಳಗಿನ ಪುಟ್ಟ ಜಾಗಕ್ಕೆ ಆಮ್ಲ ಬಿಡುತ್ತದೆ. ಖನಿಜ ಕರಗುತ್ತದೆ. ಉಳಿದ ಕೊಲಾಜೆನ್ನನ್ನು ಕೆಥೆಪ್ಸಿನ್-ಕೆ ಕಿಣ್ವ ಕತ್ತರಿಸುತ್ತದೆ. ಅಲ್ಲೊಂದು ಗುಳಿ ಬೀಳುತ್ತದೆ; ಅಂಥ ಗುಳಿಗಳು ಸೇರಿ ಹಲ್ಲಿಗೆ ದಾರಿಯಾಗುತ್ತದೆ. ಇದು ಮಿತಿಮೀರದಂತೆ ನೋಡಿಕೊಳ್ಳುವುದು ಆಸ್ಟಿಯೋಪ್ರೊಟೆಗೆರಿನ್ ಎಂಬ ಇನ್ನೊಂದು ಪ್ರೋಟೀನ್. ಅದು ರ‍್ಯಾಂಕ್-ಎಲ್ ಅನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ. ಇಲಿಗಳಲ್ಲಿ ರ‍್ಯಾಂಕ್-ಎಲ್ ಜೀನನ್ನು ಹಲ್ಲಿನ ಪಕ್ಕ ಸೇರಿಸಿದಾಗ ಹಲ್ಲು ಬೇಗ ಸರಿಯಿತು, ಆಸ್ಟಿಯೋಪ್ರೊಟೆಗೆರಿನ್ ಜೀನನ್ನು ಸೇರಿಸಿದಾಗ ನಿಧಾನವಾಯಿತು.

ಎಳೆತದ ಕಡೆ ನಾರುಗಳು ಹಿಗ್ಗುತ್ತವೆ, ರನ್‌ಎಕ್ಸ್-2 ಎಂಬ, ಮೂಳೆ ಕಟ್ಟುವ ಕೋಶಗಳನ್ನು ರೂಪಿಸುವ ಪ್ರೋಟೀನ್ ಚುರುಕಾಗುತ್ತದೆ, ಆಸ್ಟಿಯೋಬ್ಲಾಸ್ಟ್‌ಗಳು ಹೊಸ ಮೂಳೆ ಹಾಕುತ್ತವೆ. ಕೆಡವುವಷ್ಟು ಬೇಗ ಕಟ್ಟಲಾಗುವುದಿಲ್ಲ. ಚಿಕಿತ್ಸೆಯ ನಡುವೆ ಹಲ್ಲು ಸ್ವಲ್ಪ ಅಲ್ಲಾಡುವುದು ಇದರಿಂದಲೇ, ಹೆದರಬೇಕಿಲ್ಲ.

ಈಗ ಬಿಗಿಯ ವಿಚಾರ. ಒತ್ತಡ ಸೂಕ್ಷ್ಮ ರಕ್ತನಾಳದೊಳಗಿನ ಒತ್ತಡವನ್ನು ಮೀರಬಾರದು ಎಂದು 1932ರಲ್ಲೇ ದಂತವೈದ್ಯ ಶ್ವಾರ್ಟ್ಸ್ ಹೇಳಿದ್ದರು. ಅವರು ಕೊಟ್ಟ ಲೆಕ್ಕ ಚದರ ಸೆಂ.ಮೀ.ಗೆ 20ರಿಂದ 26 ಗ್ರಾಂ. ಮೀರಿದರೆ ರಕ್ತ ಹರಿಯದೆ ಕೋಶಗಳು ಸಾಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಆ ಭಾಗ ಗಾಜಿನಂತೆ ಕಾಣುವುದರಿಂದ ಅದಕ್ಕೆ ಹಯಲಿನೈಸೇಷನ್ ಎಂಬ ಹೆಸರು. ಸತ್ತ ಜಾಗದಲ್ಲಿ ರ‍್ಯಾಂಕ್-ಎಲ್ ಹೊರಡಿಸಲು ಯಾರೂ ಇಲ್ಲ. ಆಗ ಆಸ್ಟಿಯೋಕ್ಲಾಸ್ಟ್‌ಗಳು ಹಿಂಭಾಗದ ಮಜ್ಜೆಯ ಕಡೆಯಿಂದ ಮೂಳೆಯನ್ನು ಕೊರೆದುಕೊಂಡು ಬರಬೇಕು. ಅದಕ್ಕೆ ವಾರಗಳೇ ಹಿಡಿಯುತ್ತವೆ, ಅಲ್ಲಿಯವರೆಗೂ ಹಲ್ಲು ಅಲುಗದು. ಸತ್ತ ಅಂಗಾಂಶ ತೆಗೆಯುವಾಗ ಪಕ್ಕದ ಬೇರಿನ ಹೊದಿಕೆಗೂ ಪೆಟ್ಟು ಬೀಳುತ್ತದೆ. ಬೇರಿನ ತುದಿ ಸವೆದು ಮೊಂಡಾದರೆ ಆ ಉದ್ದ ಮತ್ತೆ ಬರುವುದಿಲ್ಲ. ಹಗುರ ಬಲದಲ್ಲೂ ಅಲ್ಪ ಹಯಲಿನೈಸೇಷನ್ ಆಗುವುದುಂಟು, ಆದರೆ ಬೇಗ ತಿಳಿಯಾಗುತ್ತದೆ. ಹಲ್ಲನ್ನು ಓರೆ ಮಾಡಲು 35ರಿಂದ 60 ಗ್ರಾಂ, ಬೇರು ಸಮೇತ ಸರಿಸಲು 70ರಿಂದ 120, ಮೂಳೆಯೊಳಗೆ ಒತ್ತಲು ಬರೀ 10ರಿಂದ 20 ಗ್ರಾಂ ಸಾಕು. ಒತ್ತುವಾಗ ಬಲವೆಲ್ಲ ಬೇರಿನ ತುದಿಯ ಪುಟ್ಟ ಜಾಗದ ಮೇಲೆ ಬೀಳುವುದರಿಂದ ಅಷ್ಟು ಕಡಿಮೆ. ತಿಂಗಳಿಗೆ ಸುಮಾರು 1 ಮಿ.ಮೀ. ಸರಿದರೆ ಒಳ್ಳೆಯ ವೇಗ. ನಾಲ್ಕು ವಾರಕ್ಕೆ ಮುಂಚೆ ಬಂದು ಮತ್ತೆ ಬಿಗಿ ಮಾಡಿಸಿಕೊಂಡರೆ ದುರಸ್ತಿಗೆ ಸಮಯ ಸಿಗುವುದಿಲ್ಲ.

ನೋವಿಗೆ ದಿನಾ ಐಬುಪ್ರೊಫೆನ್ ನುಂಗುವ ಅಭ್ಯಾಸ ಬೇಡ. ಅದು ಕಾಕ್ಸ್ ಕಿಣ್ವವನ್ನೇ ತಡೆಯುತ್ತದೆ, ಅಂದರೆ ಹಲ್ಲು ಸರಿಸುವ ಮೊದಲ ಸಂದೇಶವನ್ನೇ. ಮೊದಲ ಎರಡು ಮೂರು ದಿನಕ್ಕೆ ಪ್ಯಾರಾಸಿಟಮಾಲ್ ವಾಸಿ. ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಲೇಬೇಕು; ಅದು ಆಸ್ಟಿಯೋಕ್ಲಾಸ್ಟ್‌ಗಳನ್ನು ನಿಷ್ಕ್ರಿಯಗೊಳಿಸುತ್ತದೆ. ರಬ್ಬರ್ ಬ್ಯಾಂಡನ್ನು ಸಂಜೆ ಎರಡು ಗಂಟೆ ಮಾತ್ರ ಹಾಕಿಕೊಂಡರೆ ಪ್ರಯೋಜನವಿಲ್ಲ: ದಿನಕ್ಕೆ ಸುಮಾರು 6 ಗಂಟೆ ಬಲ ಬೀಳದೆ ಕೋಶಗಳು ಎಚ್ಚರಗೊಳ್ಳುವುದಿಲ್ಲ, ಹೆಚ್ಚು ಹೊತ್ತಾದಷ್ಟೂ ಒಳ್ಳೆಯದು. ವಸಡಿನಲ್ಲಿ ಕೀವು, ರಕ್ತ ಇರುವಾಗ ಹಲ್ಲು ಸರಿಸಲೇಬಾರದು. ಆ ಉರಿಯೂತವೂ ರ‍್ಯಾಂಕ್-ಎಲ್ ಏರಿಸುತ್ತದೆ, ಎರಡೂ ಸೇರಿ ಹಲ್ಲು ಹಿಡಿದ ಮೂಳೆಯನ್ನೇ ತಿಂದುಹಾಕುತ್ತವೆ. ಮೂಳೆಯಲ್ಲಿ ಕೂರಿಸಿದ ಕೃತಕ ಬೇರಾದ ಇಂಪ್ಲಾಂಟಿಗೂ ಮೂಳೆಗೆ ಅಂಟಿಹೋದ ಹಲ್ಲಿಗೂ ಲಿಗಮೆಂಟೇ ಇಲ್ಲ, ಹಾಗಾಗಿ ಅವು ಯಾವ ತಂತಿಗೂ ಜಗ್ಗುವುದಿಲ್ಲ.

ಕ್ಲಿಪ್ ಬಿಚ್ಚಿದ ಮೇಲೆ ಲಿಗಮೆಂಟಿನ ನಾರುಗಳು ಹೊಸದಾಗಿ ಜೋಡಿಕೊಳ್ಳಲು 3–4 ತಿಂಗಳು, ಹಲ್ಲಿನ ಕುತ್ತಿಗೆ ಸುತ್ತಲಿನ ವಸಡಿನ ಸ್ಥಿತಿಸ್ಥಾಪಕ ನಾರುಗಳಿಗೆ ಒಂದು ವರ್ಷವೂ ಬೇಕು. ತಿರುಚಿದ್ದ ಹಲ್ಲನ್ನು ನೇರ ಮಾಡಿದ್ದರೆ ಹಳೆಯ ದಿಕ್ಕಿಗೆ ಎಳೆಯುವುದು ಇವೇ. ಅದಕ್ಕೇ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೇನರನ್ನು ಮೊದಲ ತಿಂಗಳುಗಳಲ್ಲಿ ಊಟದ ಹೊತ್ತು ಬಿಟ್ಟು ದಿನವಿಡೀ, ಆಮೇಲೆ ಕನಿಷ್ಠ ವರ್ಷ ತುಂಬುವವರೆಗೆ ರಾತ್ರಿ ಹಾಕಿಕೊಳ್ಳಿ. ಎರಡು ದಿನ ಬಿಟ್ಟು ಮತ್ತೆ ಹಾಕುವಾಗ ಬಿಗಿ ಅನ್ನಿಸಿದರೆ ಹಲ್ಲು ಆಗಲೇ ಹಿಂದಕ್ಕೆ ಹೊರಟಿದೆ ಎಂದರ್ಥ.