ಘಟ್ಟ ಇಳಿದರೆ ಚಾರ್ಜು

ಎಲೆಕ್ಟ್ರಿಕ್ ಕಾರಲ್ಲಿ ಮೊದಲ ಸಲ ಶಿರಸಿಯಿಂದ ಕಾರವಾರಕ್ಕೆ ಹೋಗಿಬಂದೆ. ಕುಮಟೆ ಮೇಲೆ ಹೋದರೆ ಒಂದು ಕಡೆಗೆ ಸುಮಾರು 130 ಕಿ.ಮೀ.

ದೇವಿಮನೆ ಘಟ್ಟದ ನೆತ್ತಿಯಲ್ಲಿ ಬ್ಯಾಟರಿ 78 ಪರ್ಸೆಂಟ್ ಇತ್ತು. ಇಳಿಯುವಾಗ ಬ್ರೇಕ್ ಒತ್ತಿದ್ದೇ ಕಡಿಮೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಗಾಲಿ ತಿರುಗುವ ರಭಸದಿಂದ ಮೋಟಾರೇ ಕರೆಂಟು ಮಾಡಿ ಬ್ಯಾಟರಿಗೆ ಕಳಿಸುತ್ತದೆ. ಘಟ್ಟದ ಬುಡದಲ್ಲಿ ನೋಡಿದರೆ 80! ಪೆಟ್ರೋಲ್ ಟ್ಯಾಂಕು ಯಾವತ್ತಾದರೂ ಓಡುತ್ತಾ ತುಂಬಿದ್ದುಂಟಾ? ಹೆಂಡತಿಗೆ ಎರಡೆರಡು ಸಲ ತೋರಿಸಿದೆ. ಅವಳು "ರಸ್ತೆ ನೋಡಿ" ಅಂದಳು.

ಜಂಭ ಇಳಿದದ್ದು ವಾಪಸ್ ಬರುವಾಗ. ನಂಬಿಕೊಂಡಿದ್ದ ಹೈವೇ ಬದಿಯ ಚಾರ್ಜರ್ ಕೆಟ್ಟು ನಿಂತಿತ್ತು. ಆ್ಯಪಿನಲ್ಲಿ ಮಾತ್ರ ಹಸಿರು. ಕುಮಟೆ ಮುಟ್ಟುವಾಗ ಉಳಿದದ್ದು 22. ಇಳಿಯುವಾಗ ಕೊಟ್ಟದ್ದನ್ನು ಹತ್ತುವಾಗ ಬಡ್ಡಿ ಸಮೇತ ವಸೂಲಿ ಮಾಡುತ್ತದೆ ಘಟ್ಟ. ಸುಮ್ನೆ ದೊಡ್ಡಮ್ಮನ ಮನೆಗೆ ತಿರುಗಿಸಿದೆ.

ವಾಷಿಂಗ್ ಮಷಿನ್ ಪ್ಲಗ್ ಕಿತ್ತು, ಕಿಟಕಿಯಿಂದ ಕೇಬಲ್ ಎಳೆದು ಚಾರ್ಜಿಗೆ ಹಾಕಿದ್ದಾಯಿತು. 15 ಆಂಪ್ಸ್ ಪ್ಲಗ್ಗಿನಲ್ಲಿ ಗಂಟೆಗೆ ಮೂರು ಯೂನಿಟ್ ಏರಿದರೆ ಜಾಸ್ತಿ. ನಮ್ಮದು 40 ಯೂನಿಟ್ಟಿನ ಬ್ಯಾಟರಿ. ಲೆಕ್ಕ ನೀವೇ ಹಾಕಿ. ಮಧ್ಯೆ ಅರ್ಧ ಗಂಟೆ ಕರೆಂಟೂ ಹೋಯಿತು, ಹೋಗದೆ ಇರುತ್ತದಾ!

ದೊಡ್ಡಮ್ಮ ಮುರುಗಲ ಪಾನಕ ತಂದುಕೊಟ್ಟು, ಕೇಬಲ್ ನೋಡಿ ಕೇಳಿದರು: "ಕಾರಿಗೂ ಆಸರಿಗೆ ಬೇಕಾತನಾ ತಮಾ?" (ಆಸರಿಗೆ ಅಂದರೆ ನಮ್ಮ ಕಡೆ ಬಾಯಾರಿಕೆಗೆ ಕುಡಿಯಲು ಕೊಡುವುದು.)

ಬೆಂಗಳೂರಿಗೂ ಇದರಲ್ಲೇ ಹೋಗಬೇಕು ಅಂತಿದೆ. 400 ಕಿ.ಮೀ. ದಾರಿಯಲ್ಲಿ ನೆಂಟರು ಯಾರ್ಯಾರು ಇದ್ದಾರೆ ಅಂತ ಪಟ್ಟಿ ಮಾಡುತ್ತಿದ್ದೇನೆ.