ಟಿಪ್ಪಣಿ 7: ತಿಪಟೂರಿನಿಂದ ಬೆಂಗಳೂರಿಗೆ, ಹ್ಯಾಮ್ ಪರೀಕ್ಷೆಗೆ

ನಿನ್ನೆ ಮಗಳು, ನಾನು ಇಬ್ಬರೂ ಬೆಂಗಳೂರಿಗೆ ಹೋಗಿ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊ ಲೈಸೆನ್ಸಿನ ಪರೀಕ್ಷೆ ಬರೆದು ಬಂದೆವು. ಅವಳದು ಕೆಳಗಿನ ರಿಸ್ಟ್ರಿಕ್ಟೆಡ್ ಗ್ರೇಡ್, ನನ್ನದು ಅದಕ್ಕಿಂತ ಮೇಲಿನ ಜನರಲ್. ಫಲಿತಾಂಶ ಇನ್ನೂ ಬಂದಿಲ್ಲ. ಬರುವವರೆಗೆ ಕಾದು ಬರೆದರೆ ನಿನ್ನೆಯ ಅರ್ಧ ವಿಷಯ ಮರೆತುಹೋಗುತ್ತದೆ, ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ಮೊದಲ ಸಲ ಓದುವವರಿಗೆ ಎರಡು ಮಾತು. ನಮ್ಮ ದೇಶದಲ್ಲಿ ಈ ಪರೀಕ್ಷೆ ನಡೆಸುವುದು ದೂರಸಂಪರ್ಕ ಇಲಾಖೆಯಲ್ಲಿ ವೈರ್‌ಲೆಸ್ ವಿಷಯ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗ. ಅರ್ಜಿ ಹಾಕುವುದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. 12 ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು. ಎರಡೂ ಗ್ರೇಡ್‌ಗೆ ರೇಡಿಯೊ ತಂತ್ರಜ್ಞಾನ ಮತ್ತು ನಿಯಮಗಳ ಲಿಖಿತ ಪರೀಕ್ಷೆ ಇರುತ್ತದೆ. ಜನರಲ್‌ಗೆ ಅದರ ಜೊತೆ ಚುಕ್ಕೆ-ಗೆರೆಗಳ ಸಂಕೇತಭಾಷೆಯಾದ ಮೋರ್ಸ್ ಕೂಡ ಬೇಕು, ನಿಮಿಷಕ್ಕೆ 8 ಪದದ ವೇಗದಲ್ಲಿ.

ಮಗಳಿಗೆ ಈಗ 13. 2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಬಾಹ್ಯಾಕಾಶ ನಿಲ್ದಾಣದಿಂದ ಹ್ಯಾಮ್ ರೇಡಿಯೊ ಮೂಲಕ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಮಾತಾಡಿದರಲ್ಲ, ಆ ಸುದ್ದಿ ನೋಡಿದ ದಿನವೇ "ಅಪ್ಪಾ, ನಾವೂ ಮಾತಾಡಬಹುದಾ?" ಅಂತ ಕೇಳಿದ್ದಳು. ಲೈಸೆನ್ಸ್ ಇಲ್ಲದೆ ಆಗಲ್ಲ ಪುಟ್ಟಿ ಅಂದೆ. ಶುರುವಾಗಿದ್ದು ಅಲ್ಲಿಂದ.

ಮುಂಜಾನೆ ಕತ್ತಲಲ್ಲೇ ರೈಲು ಹತ್ತಿದೆವು. ಮಗಳು ಗುಬ್ಬಿಯವರೆಗೆ ನಿದ್ದೆ ಮಾಡಿದಳು. ಎದ್ದ ಮೇಲೆ ಚಿತ್ರಾನ್ನದ ಡಬ್ಬಿ ತೆಗೆದು, ತಿನ್ನುತ್ತಲೇ ರೇಡಿಯೊದವರು ಬಳಸುವ ಮೂರಕ್ಷರದ ಸಂಕೇತಗಳ ಬಗ್ಗೆ ನನಗೆ ಪ್ರಶ್ನೆ ಕೇಳತೊಡಗಿದಳು. ಕ್ಯೂಆರ್‌ಎಂ ಅಂದರೆ? ಬೇರೆ ಸ್ಟೇಷನ್‌ಗಳಿಂದ ಬರುವ ಅಡಚಣೆ. ಕ್ಯೂಆರ್‌ಎನ್? ಸಿಡಿಲು ಮಿಂಚಿನಿಂದ ಬರುವ ಗೊರಗೊರ. ಈ ಎರಡನ್ನು ನಾನು ಮೂರು ತಿಂಗಳು ಅದಲುಬದಲು ಮಾಡುತ್ತಿದ್ದೆ. "ಎನ್ ಅಂದ್ರೆ ನೇಚರ್ ಅಂತ ನೆನಪಿಟ್ಕೋ ಅಪ್ಪಾ" ಅಂದಳು. ಆಮೇಲೆ ತಪ್ಪಲಿಲ್ಲ.

ಲಿಖಿತ ಪರೀಕ್ಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಓಮ್‌ನ ನಿಯಮ, ತರಂಗಾಂತರದ ಲೆಕ್ಕ, ಆಂಟೆನಾ, ಬ್ಯಾಂಡ್‌ಗಳ ಮಿತಿ, ಕರೆಸಂಕೇತಗಳು ಚೆನ್ನಾಗಿ ಗೊತ್ತಿದ್ದರೆ ಕಷ್ಟವಿಲ್ಲ. ನಿಯಮಗಳ ಭಾಗವನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು ಅನ್ನುವುದು ನನ್ನ ಅಭಿಪ್ರಾಯ. ಅಪಾಯದ ಕರೆ ಕಿವಿಗೆ ಬಿದ್ದರೆ ನಮ್ಮ ಮಾತು ನಿಲ್ಲಿಸಿ ಕೇಳಬೇಕು ಎಂಬುದನ್ನು ಮಗಳಿಗೆ ಕಲಿಸುವಾಗ 2004ರ ಡಿಸೆಂಬರ್ ಸುನಾಮಿಯ ವಿಷಯ ಹೇಳಿದ್ದೆ. ಆಗ ಹ್ಯಾಮ್ ರೇಡಿಯೊ ನಡೆಸುವ ಭಾರತಿ ಪ್ರಸಾದ್ ಅವರು ಅಂಡಮಾನ್‌ನಿಂದ ಹ್ಯಾಮ್ ಪ್ರಸಾರ ಮಾಡಲೆಂದೇ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಫೋನ್ ಸಂಪರ್ಕ ಕಡಿದುಹೋದಾಗ ಅವರ ರೇಡಿಯೊದಿಂದಲೇ ಎಷ್ಟೋ ಮನೆಗಳಿಗೆ ಸುದ್ದಿ ಮುಟ್ಟಿತು. ಅದನ್ನು ಕೇಳಿದ ಮೇಲೆ ಮಗಳು ನಿಯಮಗಳ ಪುಟಗಳನ್ನು ಬೇರೆ ಥರ ಓದಿದಳು.

ಈಗ ಮೋರ್ಸ್‌ಗೆ ಬರುತ್ತೇನೆ. ಹೇಳಬೇಕಿರುವುದೆಲ್ಲ ಇದರಲ್ಲೇ ಇದೆ.

"ಮೋರ್ಸ್ ಯಾಕೆ ಬೇಕು ಈಗ, ರಿಸ್ಟ್ರಿಕ್ಟೆಡ್ ಬರೆದು ಸುಮ್ನಿರಿ" ಅಂತ ತುಂಬಾ ಜನ ಹೇಳಿದರು. ನನಗೆ ಬೇಕಿತ್ತು. ಧ್ವನಿ ಗದ್ದಲದಲ್ಲಿ ಮುಳುಗಿಹೋದಾಗಲೂ ಮೋರ್ಸ್‌ನ ಸಣ್ಣ ಸ್ವರ ಕಿವಿಗೆ ಸಿಗುತ್ತದೆ. ರಾತ್ರಿ ಎಸ್‌ಡಿಆರ್ ಡಾಂಗಲ್‌ನಲ್ಲಿ (ಕಂಪ್ಯೂಟರಿಗೆ ಸಿಕ್ಕಿಸಿ ರೇಡಿಯೊ ಕೇಳುವ ಪುಟ್ಟ ಸಾಧನ) 7 ಮೆಗಾಹರ್ಟ್ಸ್ ಕೇಳುವಾಗ ಇದನ್ನು ಎಷ್ಟೋ ಸಲ ಕಂಡಿದ್ದೇನೆ.

ಕಲಿಯುವ ದಾರಿ ಸಿಕ್ಕಿದ್ದು ಹೈಸ್ಕೂಲಿನ ಕನ್ನಡ ವ್ಯಾಕರಣದಿಂದ. ಮಗಳು ಒಂದು ಸಂಜೆ ಪದ್ಯಕ್ಕೆ ಪ್ರಸ್ತಾರ ಹಾಕುತ್ತಾ ಕೂತಿದ್ದಳು. ಲಘು, ಗುರು, ಗುರು. ನಾನು ಪಕ್ಕದಲ್ಲಿ ಚುಕ್ಕೆ, ಗೆರೆ, ಗೆರೆ ಅಂತ ಡಬ್ಲ್ಯು ಬರೆಯುತ್ತಿದ್ದೆ. ಎರಡು ಹಾಳೆಯಲ್ಲೂ ಒಂದೇ! ಕೂತು ಎಲ್ಲವನ್ನೂ ಹೊಂದಿಸಿ ನೋಡಿದೆವು. ಯಮಾತಾರಾಜಭಾನಸಲಗಂ ಸೂತ್ರದ ಎಂಟು ಗಣಗಳು ಅಂದರೆ ಮೋರ್ಸ್‌ನಲ್ಲಿ ಮೂರು ಗುರುತಿರುವ ಎಂಟು ಅಕ್ಷರಗಳೇ. ಯಗಣ ಡಬ್ಲ್ಯು, ಮಗಣ ಓ, ತಗಣ ಜಿ, ರಗಣ ಕೆ, ಜಗಣ ಆರ್, ಭಗಣ ಡಿ, ನಗಣ ಎಸ್, ಸಗಣ ಯು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಎಸ್‌ಒಎಸ್ ಅಂದರೆ ನ-ಮ-ನ.

ವಿರಾಮಚಿಹ್ನೆಗಳು ಇನ್ನೂ ಚಂದ. ಅಲ್ಪವಿರಾಮ ತ-ಯ. ಪ್ರಶ್ನೆ ಗುರುತು ಸ-ಭ. ಪೂರ್ಣವಿರಾಮ ಜ-ರ. ಅದನ್ನೇ ತಿರುಗಿಸಿ ರ-ಜ ಮಾಡಿದರೆ ಅರ್ಧವಿರಾಮ. ಕನ್ನಡ ಶಾಲೆಯಲ್ಲಿ ಓದಿದ ಯಾರಿಗಾದರೂ ಇದು ಒಂದು ಸಂಜೆಯ ಕೆಲಸ ಅಲ್ವಾ? ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಛಂದಸ್ಸಿನಲ್ಲಿ ಗುರುವಿಗೆ ಎರಡು ಮಾತ್ರೆ, ಮೋರ್ಸ್‌ನ ಗೆರೆಗೆ ಮೂರು ಚುಕ್ಕೆಯಷ್ಟು ಕಾಲ.

ಆದರೆ ಗಣ ಹಿಡಿದು ಕಲಿತಿದ್ದು ಕಣ್ಣಿನ ವಿದ್ಯೆ. ಕಿವಿಗೆ ಬೇರೆಯೇ ಅಭ್ಯಾಸ ಬೇಕು. ಇಲ್ಲಿ ನನ್ನ ಕೈಹಿಡಿದವರು ನಮ್ಮ ಬೀದಿಯ ಹಿರಿಯರೊಬ್ಬರು. ಹಿಂದೆ ತಂತಿ ಕಚೇರಿಯಲ್ಲಿ ಮೋರ್ಸ್ ಕಳಿಸುವ ಕೀ ಒತ್ತಿದವರು. ನಾನು ಆ್ಯಪ್‌ನಲ್ಲಿ ಅಕ್ಷರಗಳನ್ನು 18 ಪದದ ವೇಗದಲ್ಲಿ ಕೇಳಿ, ನಡುವೆ ಉದ್ದ ಬಿಡುವು ಕೊಟ್ಟು ಕಲಿತಿದ್ದೆ. ಆ ಕ್ರಮ ಒಳ್ಳೆಯದೇ. ಅಕ್ಷರ ಇಡಿಯಾಗಿ ಒಂದು ದನಿಯ ಹಾಗೆ ಮನಸ್ಸಲ್ಲಿ ಕೂರುತ್ತದೆ. ಅವರು ಒಂದು ದಿನ ನಿಜವಾದ 8ರ ವೇಗದಲ್ಲಿ ಬಡಿದು ತೋರಿಸಿದರು. ಒಂದು ಗೆರೆಗೇ ಹತ್ತಿರ ಹತ್ತಿರ ಅರ್ಧ ಸೆಕೆಂಡ್. ದನಿ ಚೂರು ಚೂರಾಗಿ ಬಂತು, ನನಗೆ ಒಂದು ಪದವೂ ಹತ್ತಲಿಲ್ಲ. "ಪರೀಕ್ಷೆಯಲ್ಲಿ ಹೀಗೂ ಬರಬಹುದು ಕಣಪ್ಪ, ಎರಡಕ್ಕೂ ಕಿವಿ ಪಳಗಿಸ್ಕೋ" ಅಂದರು. ಕೊನೆಯ ಎರಡು ವಾರ ಬರೀ ನಿಧಾನದ್ದೇ ಕೇಳಿದೆ. ನೀವು ಜನರಲ್ ಬರೆಯುವವರಾದರೆ ದಯವಿಟ್ಟು ಇದನ್ನು ಮಾಡಿ.

ನಿನ್ನೆ ಕೇಳಿ ಬರೆಯುವ ಪರೀಕ್ಷೆಯಲ್ಲಿ ಬಂದಿದ್ದೂ ನಿಧಾನದ್ದೇ. ಐದು ನಿಮಿಷ, 200 ಅಕ್ಷರ. ಐದಕ್ಕಿಂತ ಹೆಚ್ಚು ತಪ್ಪಾದರೆ ಫೇಲು. ಮೊದಲ ಸಾಲು ಬರೆಯುವಾಗ ಪೆನ್ನು ಹಿಡಿದ ಬೆರಳು ಬೆವರುತ್ತಿತ್ತು. ಎರಡನೇ ನಿಮಿಷದಲ್ಲಿ ಒಂದು ಚಿಹ್ನೆ ಬಂತು, ಅದರ ಮೊದಲ ದನಿ ತಪ್ಪಿಹೋಯಿತು. ಜ-ರನೋ, ರ-ಜನೋ? ಅದರ ಬಗ್ಗೆ ಯೋಚಿಸುವಷ್ಟರಲ್ಲಿ ಮುಂದಿನ ಅಕ್ಷರವೂ ಹೋಯಿತು. ಆಗ ಹಿರಿಯರು ಹೇಳುತ್ತಿದ್ದ ಮಾತು ನೆನಪಾಯಿತು. "ತಪ್ಪಿದ ಅಕ್ಷರದ ಹಿಂದೆ ಓಡಬೇಡ. ಅಡ್ಡಗೆರೆ ಹಾಕು, ಮುಂದಿನದು ಹಿಡಿ." ಹಾಕಿದೆ, ಹಿಡಿದೆ. ಕೊನೆಗೆ ಹಾಳೆಯಲ್ಲಿ ಮೂರು ಅಡ್ಡಗೆರೆ. ಅವುಗಳಲ್ಲಿ ಒಂದನ್ನು ವಾಕ್ಯ ನೋಡಿ ತುಂಬಿಸಿದೆ.

ಕಳಿಸುವ ಪರೀಕ್ಷೆ ಸಲೀಸಾಯಿತು. ಅಲ್ಲಿನ ಕೀ ನನ್ನದಕ್ಕಿಂತ ಗಟ್ಟಿ ಇತ್ತು. ಒಂದೆರಡು ಪದ ಒತ್ತಿ ನೋಡಲು ಬಿಟ್ಟರು. ಬೆರಳಿಂದ ಒತ್ತದೆ ಮಣಿಕಟ್ಟಿನಿಂದ ಒತ್ತಿದರೆ ಕೀ ಹೇಗಿದ್ದರೂ ಲಯ ಕೆಡುವುದಿಲ್ಲ, ಇದೂ ಹಿರಿಯರ ಪಾಠವೇ.

ಹೊರಗೆ ಬೆಂಚಿನ ಮೇಲೆ ಮಗಳು ಕಾಯುತ್ತಿದ್ದಳು. 7.1 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ಡೈಪೋಲ್ (ತಂತಿಯ ಆಂಟೆನಾ) ಎಷ್ಟುದ್ದ ಅಂತ ಕೇಳಿದ್ದರಂತೆ. "ನಮ್ಮದೇ ಅಲ್ವಾ ಅಪ್ಪಾ, 20 ಮೀಟರ್ ಚಿಲ್ಲರೆ, ಲೆಕ್ಕವೇ ಮಾಡ್ಲಿಲ್ಲ" ಅಂದಳು. ಡೈಪೋಲ್‌ಗೆ ಬಳಸುವ ಸೂತ್ರದಂತೆ 143ನ್ನು 7.1ರಿಂದ ಭಾಗಿಸಿ ಆ ತಂತಿಯನ್ನು ಅಳೆದು ಕತ್ತರಿಸಿದ್ದು ಅವಳೇ.

ವಾಪಸ್ ಬರುವಾಗ ರೈಲು ತಡ. ಮನೆ ಮುಟ್ಟಿದಾಗ ಹತ್ತೂವರೆ. ಬೀದಿಯಲ್ಲಿ ಹಿರಿಯರ ಮನೆ ದೀಪ ಇನ್ನೂ ಉರಿಯುತ್ತಿತ್ತು. ಒಳಗೆ ಕರೆದು, ಏನು ಬಂತು ಅಂತ ಕೇಳಿ, ನೆನಪಿದ್ದ ಸಾಲುಗಳನ್ನು ನನ್ನ ಕೈಯಲ್ಲಿ ಬಡಿಸಿ ನೋಡಿದರು. "ಆಗುತ್ತೆ" ಅಂದರು.

ಮುಂದಿನ ಕೆಲಸ ಆಂಟೆನಾ. ತೋಟದಲ್ಲಿ ಮರಗಳು 27 ಅಡಿ ಅಂತರದಲ್ಲಿವೆ. ಒಂದನೇ ಮರಕ್ಕೂ ನಾಲ್ಕನೇ ಮರಕ್ಕೂ ನಡುವೆ 81 ಅಡಿ ಸಿಗುತ್ತದೆ, ಅಂದರೆ ಸುಮಾರು 24.7 ಮೀಟರ್. ತಂತಿಗೂ ಎರಡು ಕಡೆಯ ಹಗ್ಗಕ್ಕೂ ಸಾಕು. ಗಾಳಿಗೆ ಮರ ತೂಗಿದರೆ ತಂತಿ ಹರಿಯಬಾರದು. ಅದಕ್ಕೆ ಒಂದು ಕಡೆ ರಾಟೆ ಹಾಕಿ ಹಗ್ಗದ ತುದಿಗೆ ಕಲ್ಲು ಕಟ್ಟಬೇಕು. ಲೈಸೆನ್ಸ್ ಬರುವವರೆಗೆ ಕೇಳುವುದಕ್ಕಷ್ಟೇ ಬಳಸುವುದು. ಸೋಮವಾರ ಕಾಯಿ ಕೀಳುವವರು ಬರುತ್ತಾರೆ. ಅವರು ಮರ ಹತ್ತಿದಾಗಲೇ ರಾಟೆ ಕಟ್ಟಿಸಬೇಕು, ಹಗ್ಗ ಇವತ್ತೇ ತಂದಿಟ್ಟಿದ್ದೇನೆ.